ಗಂಡಸರ ಕಿಬ್ಬೊಟ್ಟೆ ನೋವು: ಕಾಯಬಹುದಾ, ಕ್ಲಿನಿಕ್ಕಿಗೆ ಹೋಗಬೇಕಾ, ಈ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕಾ?

ನಮ್ಮ ಕಡೆ ಗಂಡಸರ ಹೊಕ್ಕುಳ ಕೆಳಗಿನ ಎಲ್ಲ ತೊಂದರೆಗೂ ಒಂದೇ ಹೆಸರು, ಉಷ್ಣ. ಒಂದಕ್ಕೆ ಹೋದಾಗ ಉರಿದರೆ ಉಷ್ಣ. ಕಿಬ್ಬೊಟ್ಟೆ ಹಿಡಿದುಕೊಂಡರೆ ಉಷ್ಣ. ಬೀಜದಲ್ಲಿ ನೋವು ಬಂದರೂ ಉಷ್ಣವೇ. ನೆತ್ತಿಗೆ ಹರಳೆಣ್ಣೆ, ಬೆಳಿಗ್ಗೆ ಜೀರಿಗೆ ನೀರು, ಮಧ್ಯಾಹ್ನ ಎಳನೀರು. ನನಗೆ 41 ವಯಸ್ಸಾಗಿದ್ದಾಗ ಕೂತರೆ ನೋವು ಶುರುವಾಯಿತು. ಬೀಜದ ಚೀಲಕ್ಕೂ ಗುದಕ್ಕೂ ನಡುವಿನ ಜಾಗದಲ್ಲಿ, ನಿಂಬೆಹಣ್ಣಿನ ಮೇಲೆ ಕೂತ ಹಾಗೆ. ಒಂಬತ್ತು ತಿಂಗಳು ನಾನೂ ಅದನ್ನು ಉಷ್ಣ ಅಂತಲೇ ಕರೆದೆ. ಹೆಂಡತಿಗೂ ಸರಿಯಾಗಿ ಹೇಳಲಿಲ್ಲ. ಪುಣ್ಯಕ್ಕೆ ಒಳಗೆ ಏನೂ ಕೆಡಲಿಲ್ಲ. ಅದೇ ವರ್ಷ ನಮ್ಮ ಸೋದರಮಾವನಿಗೆ ಒಂದು ರಾತ್ರಿಯೂ ಕಾಯುವ ಹಾಗಿರಲಿಲ್ಲ.

ನಾನು ಡಾಕ್ಟರಲ್ಲ. ಇಬ್ಬರ ಪಾಡನ್ನೂ ಹತ್ತಿರದಿಂದ ನೋಡಿದವನು, ಆಮೇಲೆ ಡಾಕ್ಟರುಗಳನ್ನು ಕೇಳಿ ಕೇಳಿ ತಿಳಿದುಕೊಂಡವನು. ನಿಮ್ಮ ಮುಂದೆ ಇರುವ ದಾರಿಗಳು ಮೂರು. ಕಾದು ನೋಡುವುದು, ಒಂದೆರಡು ದಿನದಲ್ಲಿ ಡಾಕ್ಟರಿಗೆ ತೋರಿಸುವುದು, ಈಗಲೇ ಆಸ್ಪತ್ರೆಗೆ ಹೊರಡುವುದು. ಯಾವುದನ್ನು ಆರಿಸಬೇಕು ಅಂತ ನಾವು ನೋವಿನ ಜೋರು ನೋಡಿ ತೀರ್ಮಾನ ಮಾಡುತ್ತೇವೆ. ತಪ್ಪುವುದು ಅಲ್ಲೇ. ಮೂತ್ರದಲ್ಲಿ ನೋವೇ ಇಲ್ಲದೆ ರಕ್ತ ಬಂದರೆ ಅದು ಜೋರು ಉರಿಗಿಂತ ದೊಡ್ಡ ವಿಷಯ. ನನ್ನನ್ನು ತಿಂಗಳುಗಟ್ಟಲೆ ಕಾಡಿದ ನೋವು ಜೀವಕ್ಕೆ ಅಪಾಯವೇ ಇಲ್ಲದ್ದು. ನೋವು ಎಷ್ಟಿದೆ ಅನ್ನುವುದಕ್ಕಿಂತ ನೋವಿನ ಜೊತೆಗೆ ಏನಿದೆ ಅಂತ ನೋಡಬೇಕು. ನೋವು ದಿಢೀರ್ ಅಂತ ಬಂತಾ? ಮೂತ್ರ ಸರಿಯಾಗಿ ಹೋಗುತ್ತಿದೆಯಾ? ಜ್ವರ ಇದೆಯಾ? ರಕ್ತವೋ, ಗಂಟೋ, ಊತವೋ ಕಂಡಿದೆಯಾ? ಈ ನಾಲ್ಕು ಪ್ರಶ್ನೆ ಕೈಯಲ್ಲಿದ್ದರೆ ಮುಕ್ಕಾಲು ಪಾಲು ಗೊಂದಲ ಕಳೆಯುತ್ತದೆ.

ಬೆಳಗಾಗಲಿ ಅನ್ನಬಾರದ ನೋವು

ಮೊದಲು ಹುಡುಗರ ವಿಷಯ. ಮನೆಯಲ್ಲಿ 12ರಿಂದ 18ರೊಳಗಿನ ಹುಡುಗ ಇದ್ದರೆ ಇದನ್ನು ನಿಧಾನವಾಗಿ ಓದಿ. ಬೀಜವು ಚೀಲದೊಳಗೆ ಒಂದು ಬಳ್ಳಿಯಂಥ ನಾಳದಿಂದ ನೇತಾಡುತ್ತದೆ. ರಕ್ತ ಹರಿಯುವುದೂ ಅದರಲ್ಲೇ. ಕೆಲವರಲ್ಲಿ ಅದು ತಾನಾಗಿ ತಿರುಚಿಕೊಂಡುಬಿಡುತ್ತದೆ. ಆಡುವಾಗ ಆಗಬಹುದು, ನಿದ್ದೆಯಲ್ಲೂ ಆಗಬಹುದು. ರಕ್ತ ನಿಂತುಹೋಗುತ್ತದೆ. ಸುಮಾರು 6 ಗಂಟೆಯೊಳಗೆ ಆಪರೇಷನ್ ಮಾಡಿ ಬಿಡಿಸಿದರೆ ಬೀಜ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. 24 ಗಂಟೆ ದಾಟಿದರೆ ಉಳಿಯುವುದು ತೀರಾ ಅಪರೂಪ.

ಕಷ್ಟ ಇರುವುದು ಹುಡುಗರ ನಾಚಿಕೆಯಲ್ಲಿ. ರಾತ್ರಿ ಎರಡು ಗಂಟೆಗೆ ಎದ್ದು ಬಂದು "ಅಮ್ಮಾ, ಹೊಟ್ಟೆ ನೋವು" ಅನ್ನುತ್ತಾನೆ. ವಾಂತಿಯನ್ನೂ ಮಾಡುತ್ತಾನೆ. ಅಮ್ಮ ಓಮದ ನೀರು ಕುಡಿಸಿ ಮಲಗಿಸುತ್ತಾಳೆ. ಕೆಲವು ಸಲ ನೋವು ನಿಜಕ್ಕೂ ಕಿಬ್ಬೊಟ್ಟೆಯಲ್ಲೇ ಅನ್ನಿಸುತ್ತದೆ, ಹುಡುಗ ಸುಳ್ಳು ಹೇಳುತ್ತಿರುವುದಿಲ್ಲ. ಹಾಗಾಗಿ ಬಾಯಿಬಿಟ್ಟು ಕೇಳಿ: "ಕೆಳಗೆ ಬೀಜದಲ್ಲಿ ನೋವಿದೆಯೇನೋ? ಊದಿದೆಯಾ? ಒಂದು ಕಡೆಯದು ಮೇಲಕ್ಕೆ ಸೇರಿಕೊಂಡ ಹಾಗಿದೆಯಾ?" ಹೌದು ಅಂದರೆ ಆ ಕ್ಷಣವೇ ಹೊರಡಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ತಿನ್ನಲು ಏನೂ ಕೊಡಬೇಡಿ. ಸರ್ಜನ್ ಇರುವ ಆಸ್ಪತ್ರೆಗೇ ಹೋಗಿ. ಹೋದಲ್ಲಿ "ಸ್ಕ್ಯಾನಿಂಗ್‌ನವರು ನಾಳೆ ಬೆಳಿಗ್ಗೆ ಬರುತ್ತಾರೆ" ಅಂದರೆ ಅಲ್ಲಿ ಕಾಯುತ್ತಾ ಕೂರಬೇಡಿ, ಮುಂದಿನ ಆಸ್ಪತ್ರೆಗೆ ಗಾಡಿ ತಿರುಗಿಸಿ. ನೋವು ಜೋರಾಗಿ ಬಂದು ತಾನಾಗಿ ನಿಂತುಹೋದರೂ ತೋರಿಸಲೇಬೇಕು. ತಿರುಚಿಕೊಂಡು ಬಿಚ್ಚಿಕೊಂಡದ್ದು ಮತ್ತೆ ತಿರುಚಿಕೊಳ್ಳಬಹುದು.

ಇದಕ್ಕೂ ಬೀಜದ ಇನ್‌ಫೆಕ್ಷನ್‌ಗೂ ವ್ಯತ್ಯಾಸ ಏನು ಅಂತ ಕೇಳಬಹುದು. ಇನ್‌ಫೆಕ್ಷನ್ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ನಿಧಾನವಾಗಿ ಏರುತ್ತದೆ. ಜೊತೆಗೆ ಉರಿಮೂತ್ರ, ಜ್ವರ ಇರಬಹುದು. ವಾಂತಿ ಕಡಿಮೆ. ತಿರುಚಿಕೊಂಡ ನೋವು ನಿಮಿಷಗಳಲ್ಲಿ ತುದಿ ಮುಟ್ಟುತ್ತದೆ. ಆದರೆ ಇದನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಇನ್‌ಫೆಕ್ಷನ್ ಇರಬಹುದು ಅಂತ ಕಾದು ಅದು ತಿರುಚಿಕೊಂಡದ್ದೇ ಆಗಿದ್ದರೆ ಬೀಜ ಹೋಯಿತು. ತಿರುಚಿಕೊಂಡಿದೆ ಅಂತ ಓಡಿ ಅದು ಇನ್‌ಫೆಕ್ಷನ್ ಆಗಿದ್ದರೆ ಹೋದದ್ದು ಒಂದು ರಾತ್ರಿಯ ನಿದ್ದೆ.

ಇನ್ನು ಸೋದರಮಾವನ ಕತೆ. ಅವರಿಗೆ 67. ಮದುವೆಮನೆಯಲ್ಲಿದ್ದರು. ನೆಗಡಿ ಅಂತ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ಎರಡು ದಿನ ನುಂಗಿದ್ದರು. ಎರಡನೇ ರಾತ್ರಿ ಒಂದಕ್ಕೆ ಹೋಗಬೇಕು ಅನ್ನಿಸುತ್ತದೆ, ಹೋದರೆ ಒಂದು ಹನಿಯೂ ಇಲ್ಲ. ಯಾರೋ ಉಷ್ಣ ಅಂದರು, ಎರಡು ಎಳನೀರು ಕುಡಿಸಿದರು. ಆಮೇಲೆ ಬಾರ್ಲಿ ನೀರು. ನಾನು ಹೋಗಿ ನೋಡಿದಾಗ ಅವರು ಗೋಡೆ ಹಿಡಿದು ನಿಂತಿದ್ದರು. ಬೆವರಿಗೆ ಅಂಗಿ ಮೈಗೆ ಅಂಟಿತ್ತು. ಪಂಚೆ ಮೇಲೆ ಕೈಯಿಟ್ಟರೆ ಹೊಕ್ಕುಳ ಕೆಳಗೆ ಕಲ್ಲಂಗಡಿ ಇಟ್ಟ ಹಾಗೆ ಗಟ್ಟಿ.

ವಯಸ್ಸಾದ ಹಾಗೆ ಗಂಡಸರ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುತ್ತದೆ. ಹರೆಯದಲ್ಲಿ ಅದು ಬೆಟ್ಟದ ನೆಲ್ಲಿಕಾಯಿಯಷ್ಟಿರುತ್ತದೆ. ಮೂತ್ರದ ನಾಳ ಅದರ ನಡುವೆಯೇ ಹಾದುಹೋಗುವುದರಿಂದ ಅದು ಊದಿದ ಹಾಗೆ ದಾರಿ ಕಿರಿದಾಗುತ್ತದೆ. ಕೆಲವು ನೆಗಡಿ ಮಾತ್ರೆಗಳು ಆ ದಾರಿಯನ್ನು ಇನ್ನಷ್ಟು ಬಿಗಿ ಮಾಡುತ್ತವೆ, ಇಲ್ಲವೇ ಮೂತ್ರಚೀಲ ಹಿಂಡುವ ಶಕ್ತಿಯನ್ನು ಕುಗ್ಗಿಸುತ್ತವೆ. ಅಂಥ ಹೊತ್ತಲ್ಲಿ ಎಳನೀರು ಕುಡಿಸಿದರೆ ಕಟ್ಟಿದ ಕೆರೆಗೆ ಇನ್ನಷ್ಟು ನೀರು ಬಿಟ್ಟ ಹಾಗೆ. ಆಸ್ಪತ್ರೆಯಲ್ಲಿ ಪೈಪ್ ಹಾಕಿದರು. ಪೈಪಿನ ಚೀಲಕ್ಕೆ ಒಂದು ಲೀಟರಿಗೂ ಜಾಸ್ತಿ ಮೂತ್ರ ಬಂತು. ಹತ್ತು ನಿಮಿಷದಲ್ಲಿ ಮಾವ ಕಣ್ಣು ಮುಚ್ಚಿ ನಿದ್ದೆಹೋದರು. ಹಾಗಾಗಿ ನೆನಪಿಡಿ. ಬಿಸಿಲಲ್ಲಿ ದುಡಿದು, ನೀರು ಕುಡಿಯದೆ, ಮೂತ್ರ ಕಡಿಮೆ ಬಂದರೆ ನೀರು ಕುಡಿಯಿರಿ. ಹೊಟ್ಟೆ ಉಬ್ಬಿದೆ, ಅವಸರ ಆಗುತ್ತಿದೆ, ಆದರೆ ಬರುತ್ತಿಲ್ಲ ಅಂದರೆ ಕುಡಿಯುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಹೊರಡಿ.

ಈ ಸಾಲಿಗೆ ಸೇರುವ ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ನಡುಕದ ಚಳಿಜ್ವರದ ಜೊತೆ ಕಿಬ್ಬೊಟ್ಟೆ ನೋವು ಅಥವಾ ಉರಿಮೂತ್ರ. ಪ್ರಾಸ್ಟೇಟ್‌ಗೆ ಜೋರು ಇನ್‌ಫೆಕ್ಷನ್ ಆದಾಗ ಹೀಗಾಗುತ್ತದೆ, ಅದು ರಕ್ತಕ್ಕೆ ಹರಡಬಲ್ಲದು. ತೊಡೆಸಂದಿನ ಹರ್ನಿಯಾ ಯಾವಾಗಲೂ ಒಳಗೆ ಹೋಗುತ್ತಿದ್ದದ್ದು ಈಗ ಹೋಗುತ್ತಿಲ್ಲ, ಗಟ್ಟಿಯಾಗಿ ನೋಯುತ್ತಿದೆ, ವಾಂತಿ ಆಗುತ್ತಿದೆ. ಸಕ್ಕರೆ ಕಾಯಿಲೆ ಇರುವವರಿಗೆ ಬೀಜದ ಚೀಲದ ಚರ್ಮ ಕೆಂಪಾಗಿ, ಕಪ್ಪು ತಿರುಗಿ, ಕೆಟ್ಟ ವಾಸನೆ ಬರುತ್ತಿದೆ. ಇದು ಗಂಟೆಗಳಲ್ಲಿ ಹಬ್ಬುವ ಕೊಳೆ. ಶಿಶ್ನ ನಿಮಿರಿದ್ದು 4 ಗಂಟೆಯಾದರೂ ಇಳಿಯುತ್ತಿಲ್ಲ. ಬೆನ್ನುನೋವಿನ ಜೊತೆ ತೊಡೆಯ ಸಂದು, ಗುದದ ಸುತ್ತ ಮರಗಟ್ಟಿದೆ, ಮೂತ್ರ ಹತೋಟಿ ತಪ್ಪಿದೆ. ಬೈಕ್ ಬಿದ್ದು ಟ್ಯಾಂಕಿಗೆ ಬಡಿದ ಮೇಲೆ ಮೂತ್ರದ್ವಾರದಲ್ಲಿ ರಕ್ತ ಕಂಡಿದೆ. ಇವು ಯಾವುದಕ್ಕೂ ಮಾರನೇ ದಿನದ ಅಪಾಯಿಂಟ್‌ಮೆಂಟ್ ಸಾಲದು. ಗಾಡಿ ಇಲ್ಲದಿದ್ದರೆ 108.

ಒಂದೆರಡು ದಿನದಲ್ಲಿ ಡಾಕ್ಟರಿಗೆ

ಜ್ವರ ಇಲ್ಲ, ಮೂತ್ರ ಹೋಗುತ್ತಿದೆ, ಆದರೆ ಉರಿ ಇದೆ, ಪದೇ ಪದೇ ಹೋಗಬೇಕು ಅನ್ನಿಸುತ್ತದೆ. ಇದು ಮನೆ ಹತ್ತಿರದ ಡಾಕ್ಟರ ಕೆಲಸ. ಹೆಂಗಸರಲ್ಲಿ ಮೂತ್ರದ ಇನ್‌ಫೆಕ್ಷನ್ ಸಾಮಾನ್ಯ. ಗಂಡಸರಲ್ಲಿ ಬಂದರೆ ಯಾಕೆ ಬಂತು ಅಂತ ಹುಡುಕಬೇಕಾಗುತ್ತದೆ. ಪ್ರಾಸ್ಟೇಟ್ ಇರಬಹುದು, ಕಲ್ಲಿರಬಹುದು, ಶುಗರ್ ಇರಬಹುದು.

ಇಲ್ಲಿ ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ಮೆಡಿಕಲ್ ಶಾಪಿನಲ್ಲಿ "ಉರಿಮೂತ್ರಕ್ಕೆ ಏನಾದರೂ ಕೊಡಿ" ಅಂದೆ. ಐದು ದಿನದ ಆಂಟಿಬಯೋಟಿಕ್ ಕೊಟ್ಟರು. ಹೀಗೆ ಮೂರು ಸಲ. ಪರೀಕ್ಷೆ ಮಾಡಿಸಲು ಹೋದಾಗ ಅದೇ ಅಡ್ಡಿಯಾಯಿತು. ಆಂಟಿಬಯೋಟಿಕ್ ತಗೊಂಡ ಮೇಲೆ, ಮೂತ್ರದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ, ರೋಗಾಣು ಮೊದಲೇ ಇರಲಿಲ್ಲವೋ, ಮಾತ್ರೆಗೆ ಅಡಗಿದೆಯೋ ಹೇಳುವುದು ಕಷ್ಟ. ಮೊದಲು ಯೂರಿನ್ ಕಲ್ಚರ್‌ಗೆ ಕೊಡಿ, ಆಮೇಲೆ ಮಾತ್ರೆ. ಮೂತ್ರ ಹಿಡಿಯುವುದಕ್ಕೂ ಒಂದು ಕ್ರಮ ಇದೆ. ಕೈ ತೊಳೆದು, ಮುಂದೊಗಲು ಹಿಂದೆ ಸರಿಸಿ, ತುದಿಯನ್ನು ನೀರಿನಿಂದ ತೊಳೆಯಿರಿ. ಮೊದಲ ಧಾರೆ ಕಮೋಡಿಗೆ ಬಿಡಿ. ನಡುವಿನ ಧಾರೆಯನ್ನು ಲ್ಯಾಬ್‌ನವರ ಡಬ್ಬಿಗೆ ಹಿಡಿಯಿರಿ. ಡಬ್ಬಿಯ ಒಳಗೆ ಬೆರಳು ತಾಗಿಸಬೇಡಿ. ಒಂದು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ.

ಲೈಂಗಿಕ ಸಂಪರ್ಕದಿಂದ ಬರುವ ಇನ್‌ಫೆಕ್ಷನ್ ಕೂಡ ಇದೇ ರೀತಿ ಶುರುವಾಗುತ್ತದೆ. ಉರಿ, ತುದಿಯಲ್ಲಿ ಕೀವಿನಂಥ ಒಸರು, ಬೀಜದಲ್ಲಿ ನೋವು. ವಿಶೇಷವಾಗಿ 35ರ ಒಳಗಿನವರಲ್ಲಿ ಬೀಜದ ಇನ್‌ಫೆಕ್ಷನ್‌ಗೆ ಇದೇ ಹೆಚ್ಚಾಗಿ ಕಾರಣ. ಡಾಕ್ಟರ ಹತ್ತಿರ ನಿಜ ಹೇಳಿ. ಔಷಧಿಯೇ ಬೇರೆ ಇರುತ್ತದೆ, ಸಂಗಾತಿಗೂ ಕೊಡಬೇಕಾಗುತ್ತದೆ.

ಕಿಡ್ನಿ ಕಲ್ಲಿನ ನೋವನ್ನು ಒಂದು ಸಲ ಅನುಭವಿಸಿದವರು ಮರೆಯುವುದಿಲ್ಲ. ಅದು ಪಕ್ಕೆಯ ಹಿಂದೆ ಶುರುವಾಗಿ ತೊಡೆಸಂದಿಗೆ, ಬೀಜಕ್ಕೆ ಇಳಿಯುತ್ತದೆ. ಅಲೆ ಅಲೆಯಾಗಿ ಬರುತ್ತದೆ. ಸ್ನಾಯು ಹಿಡಿದವನು ಅಲುಗಾಡದೆ ಮಲಗುತ್ತಾನೆ. ಕಲ್ಲಿನವನು ಮಲಗಲಾರ, ಕೂರಲಾರ, ಕೋಣೆಯಲ್ಲೆಲ್ಲ ಹೊರಳಾಡುತ್ತಾನೆ. 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳು ಬಹುಪಾಲು ತಾವಾಗಿ ಬೀಳುತ್ತವೆ. ಬಾಳೆದಿಂಡಿನ ರಸ ಕುಡಿದದ್ದಕ್ಕೇ ಬಿತ್ತು ಅಂತ ಹೇಳುವವರ ಕಲ್ಲು ಹೀಗೆಯೇ ಬಿದ್ದಿರಬಹುದು. ಆದರೆ ಕಲ್ಲಿನ ಜೊತೆ ಜ್ವರ ಬಂದರೆ, ಮೂತ್ರ ನಿಂತರೆ, ಇಲ್ಲವೇ ಇರುವುದೇ ಒಂದು ಕಿಡ್ನಿ ಆದರೆ, ಅದು ಈ ಪಟ್ಟಿಯದಲ್ಲ. ಆಗ ಆ ರಾತ್ರಿಯೇ ಹೋಗಬೇಕು.

ನೋವಿಲ್ಲದ ಎರಡನ್ನು ಬಿಡಬೇಡಿ. ಒಂದು, ಮೂತ್ರದಲ್ಲಿ ರಕ್ತ. ಹಿಂದಿನ ದಿನ ಬೀಟ್‌ರೂಟ್ ತಿಂದಿದ್ದರೆ ಕೆಂಪಾಗಬಹುದು, ಟಿಬಿ ಮಾತ್ರೆ ತಗೊಳ್ಳುವವರಿಗೆ ಕಿತ್ತಳೆ ಬಣ್ಣ ಬರುತ್ತದೆ. ಅದು ಬಿಟ್ಟರೆ, ಒಂದೇ ಸಲ ಬಂದು ನಿಂತುಹೋದರೂ ತೋರಿಸಬೇಕು. ಮೂತ್ರಚೀಲದ ಕ್ಯಾನ್ಸರ್ ಹೀಗೆಯೇ, ನೋವಿಲ್ಲದೆ, ಬಂದು ಹೋಗಿ ಬಂದು ಹೋಗಿ ಮಾಡುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಅದರ ಅಪಾಯ ಜಾಸ್ತಿ. ಇನ್ನೊಂದು, ಬೀಜದಲ್ಲೇ ಕೈಗೆ ಸಿಗುವ ಗಟ್ಟಿ ಗಂಟು. ಬೀಜದ ಕ್ಯಾನ್ಸರ್ ಹೆಚ್ಚಾಗಿ ಬರುವುದು 15ರಿಂದ 40ರ ನಡುವಿನವರಿಗೆ. ಬೇಗ ಸಿಕ್ಕರೆ ಬಹುತೇಕರಿಗೆ ಪೂರ್ತಿ ವಾಸಿಯಾಗುವಂಥದ್ದು. ನೋಯುತ್ತಿಲ್ಲವಲ್ಲ ಅಂತ ಸುಮ್ಮನಿರುವುದರಿಂದಲೇ ಇದು ತಡವಾಗುತ್ತದೆ.

ಕಾಯಬಹುದು, ಎರಡು ವಾರ

ಮೇಲಿನದ್ದು ಯಾವುದೂ ಇಲ್ಲ. ಮಂದವಾದ ನೋವು ಬರುತ್ತದೆ, ಹೋಗುತ್ತದೆ. ಕಾರಣವೂ ಕಣ್ಣಿಗೆ ಕಾಣುತ್ತದೆ. ಹಿಂದಿನ ದಿನ ಬೆಂಗಳೂರಿಂದ ಕಲಬುರಗಿಗೆ ಬಸ್ಸಲ್ಲಿ ಕೂತೇ ಬಂದಿದ್ದೀರಿ. ಜಿಮ್‌ನಲ್ಲಿ ಭಾರ ಎತ್ತಿದ್ದೀರಿ. ಮೂರು ದಿನದಿಂದ ಎರಡಕ್ಕೆ ಸರಿಯಾಗಿ ಆಗಿಲ್ಲ. ಇಂಥದ್ದಕ್ಕೆ ಎರಡು ವಾರ ಕಾಯುವುದರಲ್ಲಿ ತಪ್ಪಿಲ್ಲ. ಎಳನೀರು, ಮಜ್ಜಿಗೆ, ಜೀರಿಗೆ ನೀರು ಇವೆಲ್ಲಕ್ಕೂ ಇಲ್ಲಿ ಜಾಗ ಇದೆ. ಮೂತ್ರ ತಿಳಿಯಾದರೆ ಕಿರಿಕಿರಿ ಕಡಿಮೆಯಾಗುತ್ತದೆ, ಅಷ್ಟು ಉಪಕಾರ ನಿಜ. ಕಾಫಿ, ಖಾರ, ಮದ್ಯ ಕಡಿಮೆ ಮಾಡಿ. ಅಗಲವಾದ ಟಬ್ಬಿನಲ್ಲಿ ಹದವಾದ ಬಿಸಿನೀರು ಹಾಕಿ 10-15 ನಿಮಿಷ ಕೂರಿ. ಅರ್ಧ ಗಂಟೆಗೊಮ್ಮೆ ಕುರ್ಚಿಯಿಂದ ಎದ್ದೇಳಿ. ಮೂತ್ರ ಕಟ್ಟಿಕೊಳ್ಳಬೇಡಿ.

ಮೊಬೈಲ್‌ನಲ್ಲಿ ನೋಡಿ ಒಳಸ್ನಾಯು ಬಿಗಿ ಹಿಡಿಯುವ ಕೆಗೆಲ್ ವ್ಯಾಯಾಮ ಶುರು ಮಾಡಬೇಡಿ. ಸ್ನಾಯು ಸಡಿಲವಾದವರಿಗೆ ಅದು ಒಳ್ಳೆಯದು. ಈ ನೋವಿರುವ ಅನೇಕರಲ್ಲಿ ಸ್ನಾಯು ಮೊದಲೇ ಬಿಗಿದಿರುತ್ತದೆ. ನಾನು ಎರಡು ತಿಂಗಳು ಶ್ರದ್ಧೆಯಿಂದ ಮಾಡಿ ನೋವು ಜಾಸ್ತಿ ಮಾಡಿಕೊಂಡೆ.

ಎರಡು ವಾರ ಆದರೂ ಹೋಗಿಲ್ಲ ಅಂದರೆ, ಅಥವಾ ಹೋಗಿ ಮತ್ತೆ ಮತ್ತೆ ಬರುತ್ತಿದ್ದರೆ, ಕಾಯುವ ದಾರಿ ಅಲ್ಲಿಗೆ ಮುಗಿಯಿತು.

ಪರೀಕ್ಷೆ ಎಲ್ಲ ಸರಿಯಿದೆ, ನೋವು ಮಾತ್ರ ಹೋಗುವುದಿಲ್ಲ

ನನ್ನದು ಈ ಗುಂಪು. ಯೂರಿನ್ ಟೆಸ್ಟ್ ಸರಿಯಿತ್ತು, ಸ್ಕ್ಯಾನಿಂಗ್ ಸರಿಯಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1995ರಲ್ಲಿ ಪ್ರಾಸ್ಟೇಟ್ ಊತದ ತೊಂದರೆಗಳನ್ನು ನಾಲ್ಕು ಗುಂಪು ಮಾಡಿತು. ಮೊದಲ ಎರಡಕ್ಕೆ ರೋಗಾಣು ಕಾರಣ. ಮೂರನೆಯದರಲ್ಲಿ ರೋಗಾಣು ಸಿಗುವುದಿಲ್ಲ, ನೋವು ಮಾತ್ರ ತಿಂಗಳುಗಟ್ಟಲೆ ಇರುತ್ತದೆ. ನಾಲ್ಕನೆಯದರಲ್ಲಿ ನೋವೇ ಇರುವುದಿಲ್ಲ, ಬೇರೆ ಪರೀಕ್ಷೆ ಮಾಡುವಾಗ ಸಿಗುತ್ತದೆ. ಈ ತೊಂದರೆಗೆ ಡಾಕ್ಟರ ಬಳಿ ಬರುವವರಲ್ಲಿ 10ಕ್ಕೆ 9 ಜನರದ್ದು ಮೂರನೆಯದೇ. ಆದರೂ ನಮ್ಮಲ್ಲಿ ಸುತ್ತಿ ಸುತ್ತಿ ಆಂಟಿಬಯೋಟಿಕ್ಕೇ ಸಿಗುತ್ತದೆ.

ಇದರಲ್ಲಿ ಸೊಂಟದ ಬುಡದ ಸ್ನಾಯುಗಳಿಗೆ ದೊಡ್ಡ ಪಾತ್ರ ಇದೆ. ಭುಜ ಹಿಡಿದುಕೊಂಡ ಹಾಗೆ ಅವೂ ಹಿಡಿದುಕೊಳ್ಳುತ್ತವೆ. ಜಾಸ್ತಿ ಹೊತ್ತು ಕೂತರೆ, ಟೆನ್ಷನ್ ಆದರೆ, ಮಲಬದ್ಧತೆ ಆದರೆ, ವೀರ್ಯ ಹೋದ ಮೇಲೆ ನೋವು ಏರುತ್ತದೆ. ಮೂತ್ರದ ದಾರಿ ಸಡಿಲ ಮಾಡುವ ಮಾತ್ರೆ ಕೆಲವರಿಗೆ ಕೆಲಸ ಮಾಡುತ್ತದೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಫಿಸಿಯೋಥೆರಪಿ. ಹೆರಿಗೆಯಾದ ಹೆಂಗಸರಿಗೆ ಸೊಂಟದ ವ್ಯಾಯಾಮ ಹೇಳಿಕೊಡುವ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದರು. ಹೊಟ್ಟೆಯವರೆಗೆ ಉಸಿರು ಎಳೆದು, ಒಂದಕ್ಕೆ ಬಿಡುವಾಗ ಸಡಿಲವಾಗುವ ಹಾಗೆ ಕೆಳಗೆ ಸಡಿಲ ಬಿಡುವುದನ್ನು ಕಲಿಯಲು ನನಗೆ ಮೂರು ವಾರ ಬೇಕಾಯಿತು. ನಾಲ್ಕು ತಿಂಗಳಲ್ಲಿ ನೋವು ಮುಕ್ಕಾಲು ಪಾಲು ಇಳಿಯಿತು. ಈಗಲೂ ದೂರದ ಬಸ್ ಪ್ರಯಾಣದ ಮರುದಿನ ಇಣುಕುತ್ತದೆ.

ಇದು ಕ್ಯಾನ್ಸರ್ ಅಲ್ಲ. ಆ ಹೆದರಿಕೆಯಲ್ಲಿ ನಾನು ಎಷ್ಟು ರಾತ್ರಿ ಎದ್ದು ಕೂತಿದ್ದೇನೆ. ಪಿಎಸ್‌ಎ ಅನ್ನುವ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ನೋಡುವ ರಕ್ತಪರೀಕ್ಷೆ ಮಾಡಿಸುವವರಿಗೆ ಒಂದು ಮಾತು. ಇನ್‌ಫೆಕ್ಷನ್ ಇರುವಾಗ ಆ ಸಂಖ್ಯೆ ಸುಮ್ನೆ ಏರುತ್ತದೆ. ವಾಸಿಯಾಗಿ 6ರಿಂದ 8 ವಾರ ಬಿಟ್ಟು ಮಾಡಿಸಿದರೆ ನಂಬಬಹುದು.

ಯಾರ ಹತ್ತಿರ ಹೋಗುವುದು?

ಮೊದಲ ಸಲಕ್ಕೆ ನಿಮ್ಮನ್ನು ಬಲ್ಲ ಎಂಬಿಬಿಎಸ್ ಡಾಕ್ಟರೇ ಸಾಕು. ಯೂರಿನ್ ಟೆಸ್ಟ್, ಶುಗರ್, ಸ್ಕ್ಯಾನಿಂಗ್ ಅವರೇ ಬರೆಯುತ್ತಾರೆ. ರಕ್ತ, ಬೀಜದ ಗಂಟು, ಧಾರೆ ಸಣ್ಣಗಾಗಿರುವುದು, ಮರಳಿ ಬರುವ ಇನ್‌ಫೆಕ್ಷನ್, ಮೂರು ತಿಂಗಳು ದಾಟಿದ ನೋವು, ಇವಕ್ಕೆ ಯೂರಾಲಜಿಸ್ಟ್, ಅಂದರೆ ಮೂತ್ರಾಂಗಗಳ ತಜ್ಞ. ಖಾಸಗಿ ಆಸ್ಪತ್ರೆ ಭಾರ ಅನ್ನಿಸಿದರೆ ಜಿಲ್ಲಾಸ್ಪತ್ರೆಯಲ್ಲಿ ಸರ್ಜನ್ ಇರುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ್ದೇ ಆದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಎದುರು ಕೂತು ಹೇಳಲು ಆಗುವುದೇ ಇಲ್ಲ ಅನ್ನುವವರು ಕೇಂದ್ರ ಸರ್ಕಾರದ ಇ-ಸಂಜೀವನಿಯಲ್ಲಿ ಮೊಬೈಲ್‌ನಿಂದಲೇ ಡಾಕ್ಟರ ಜೊತೆ ಮಾತಾಡಬಹುದು, ದುಡ್ಡಿಲ್ಲ. ಆದರೆ ಬೀಜದ ನೋವು, ಗಂಟು ಕೈಯಿಂದ ಮುಟ್ಟಿಯೇ ನೋಡಬೇಕಾದದ್ದು.

ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ "ಗುಪ್ತರೋಗ, ಧಾತು ನಷ್ಟ" ಅಂತ ಬರೆಸಿಕೊಂಡವರ ಹತ್ತಿರ ಹೋಗಬೇಡಿ. ಅವರು ನಿಮ್ಮ ಹೆದರಿಕೆಯನ್ನೇ ಕಾಯಿಲೆ ಮಾಡಿ ಮಾರುತ್ತಾರೆ. ರಾತ್ರಿ ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿ ಸೋರಿತು ಅನ್ನುವುದು ಸುಳ್ಳು.

ಗುದದಲ್ಲಿ ಬೆರಳಿಟ್ಟು ಪ್ರಾಸ್ಟೇಟ್ ನೋಡುವ ಪರೀಕ್ಷೆಗೆ ಹೆದರಿ ಅನೇಕರು ಹೋಗುವುದೇ ಇಲ್ಲ. ಕೈಗವಸು, ಜೆಲ್ಲಿ, ಒಂದು ನಿಮಿಷವೂ ಹಿಡಿಯುವುದಿಲ್ಲ. ಮುಜುಗರ ಆಗುತ್ತದೆ, ನಿಜ. ಎಲ್ಲರಿಗೂ ಅದು ಬೇಕಾಗುವುದೂ ಇಲ್ಲ. ಮಾಡುವ ಮೊದಲು ಯಾಕೆ ಅಂತ ಕೇಳಬಹುದು, ಬೇಡ ಅನ್ನಬಹುದು.

ಬಾಯಿಬಿಟ್ಟು ಹೇಳಲು ನನಗೆ ಕೊನೆಗೂ ಆಗಲಿಲ್ಲ. ಟೋಕನ್ ಹಿಡಿದು ಹೊರಗೆ ಕೂತಿದ್ದಾಗ ಔಷಧಿ ಚೀಟಿಯ ಹಿಂದೆ ಬರೆದೆ. "ವಯಸ್ಸು 41. ಕೂತಾಗ ಬೀಜಕ್ಕೂ ಗುದಕ್ಕೂ ನಡುವೆ ನೋವು, 9 ತಿಂಗಳಿಂದ. ನಿಂತರೆ ಕಡಿಮೆ. ಜ್ವರ ಇಲ್ಲ, ರಕ್ತ ಇಲ್ಲ, ಧಾರೆ ಸರಿಯಿದೆ. ವೀರ್ಯ ಹೋದ ಮೇಲೆ ಎರಡು ಗಂಟೆ ನೋವು ಜಾಸ್ತಿ. ನಾನೇ 3 ಸಲ ಆಂಟಿಬಯೋಟಿಕ್ ತಗೊಂಡಿದ್ದೇನೆ." ಒಳಗೆ ಹೋಗಿ ಚೀಟಿ ಕೊಟ್ಟೆ. ಡಾಕ್ಟರು ಎರಡು ಸಲ ಓದಿದರು. ಮೇಜಿನ ಮೇಲಿಟ್ಟು, "ದಿನಕ್ಕೆ ಎಷ್ಟು ಹೊತ್ತು ಕೂತು ಕೆಲಸ ಮಾಡ್ತೀರಿ?" ಅಂತ ಕೇಳಿದರು. ಆಮೇಲೆ ಮಾತು ತಾನಾಗಿ ಬಂತು.